ಧಾರವಾಡ ಸಪ್ತಾಪುರದಾಗ ವಾರದ ಬುತ್ತಿ ಮಾರಿದ್ದು – ನನ್ನ ಅನುಭವ

"ರೊಟ್ಟಿ ಯಾರಿಗೆ ಬ್ಯಾಡ, ಎಲ್ಲಾರಿಗೂ ಮಾರು" ಅಂತ ನಮ್ ಭಾವ ಹೇಳಿದ್ದ ಖರೆ ಅನ್ಕೊಂಡು ಎರಡ್ ವರ್ಷ ರೊಕ್ಕಾ ಹಾಳ್ ಮಾಡೀನಿ, ಅದಕ್ಕ ಬರೀಲಿಕತ್ತೀನಿ. ಧಾರವಾಡ ಹೊಸಯಲ್ಲಾಪುರದಾಗ ನಮ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಕೆಲಸ. ಅವ್ವ, ಮನ್ಯಾಕಿ, ಮತ್ತ ಮೂರ್ ಮಂದಿ ಹೆಣ್ಮಕ್ಕಳು ಬಡೀತಾರ. ಜ್ವಾಳ ಮಾಲದಂಡಿನ, ಬ್ಯಾರೇದ್ ಮುಟ್ಟಂಗಿಲ್ಲ.

ಮೊದ್ಲ ಎಲ್ಲಾರೂ ಮಾಡಿದ್ದ ನಾನೂ ಮಾಡ್ದೆ. ಪೇಪರ್‌ನಾಗ 5000 ಪಾಂಪ್ಲೆಟ್, ಆಟೋಕ್ಕ ಮೈಕ್ ಕಟ್ಟಿ ಮೂರ್ ದಿನ, ಫೇಸ್‌ಬುಕ್ ಬೂಸ್ಟು (ರೊಕ್ಕಾ ಕೊಟ್ಟು ಪೋಸ್ಟ್ ಹೆಚ್ಚ ಮಂದಿಗೆ ತೋರ್ಸೋದು), ಎಲ್ಲಾ ಕೂಡಿ 25 ಸಾವಿರದ ಹತ್ರ ಹೋತು. ಅವ್ವ ರೊಟ್ಟಿ ಬಡಿಯೋ ಸಪ್ಪಳದ್ದೊಂದು ರೀಲ್ ಲಕ್ಷ ವ್ಯೂ ದಾಟ್ತು, ಮನ್ಯಾಗೆಲ್ಲಾ ಹಬ್ಬ, ಆದ್ರ ಆ ವಾರ ಹೆಚ್ಚಿಗಿ ಹೋಗಿದ್ದು 50 ರೊಟ್ಟಿ ಇರಬೇಕು. ಮಂಡ್ಯಾದವ್ರೊಬ್ರು ಕೇಳಿದ್ರಂತ ಪಾರ್ಸಲ್ ಕಳಿಸಿದ್ರ ಅಲ್ಲಿ ಮುಟ್ಟಿದ್ದು ಬರೇ ನುಚ್ಚು, ರೊಕ್ಕಾ ವಾಪಸ್ ಕೊಟ್ಟೆ.

ಒಂದಿನ ಇಂಡಿ ಕಡೆಯಿಂದ ಒಬ್ಬಾಕಿ ತಾಯಿ ಫೋನ್. "ಅಣ್ಣಾರ, ನನ್ ಮಗ ಸಪ್ತಾಪುರದಾಗ ಕೋಚಿಂಗ್‌ಗೆ ಅದಾನ್ರಿ, ರವಿವಾರ ರಾತ್ರಿ ಮೆಸ್ ಬಂದ್ ಇದ್ರ ಬ್ರೆಡ್ ತಿಂದು ಮಕ್ಕೋತಾನ, ಹತ್ತ ರೊಟ್ಟಿ ಕೊಟ್ಟು ಬರ್ತೀರೇನ್ರಿ, ಫೋನ್‌ಪೇ ಮಾಡ್ತೀನಿ." ಕೊಟ್ಟು ಬಂದೆ. ತಿನ್ನಾಂವ ಮಗ, ರೊಕ್ಕಾ ಕೊಡಾಕಿ ಊರಾಗಿರೋ ಅವ್ವ, ನಾನು ಇಷ್ಟ ದಿನ ಇಬ್ಬರಿಗೂ ಒಂದ್ ಮಾತೂ ಹೇಳಿಲ್ಲ!

ಗ್ವಾಡಿ ಮ್ಯಾಲೆ ಬರದೆ: "ರವಿವಾರ ರಾತ್ರಿ ರೂಮಿನ ಹುಡುಗ ಹಸಗೊಂಡು ಮಕ್ಕೋಬಾರ್ದು." ಇದಕ್ಕ ಉಪಯೋಗಿಲ್ಲದ ಖರ್ಚೆಲ್ಲಾ ಬಂದ್. ಬೂಸ್ಟ್ ಬಂದ್, ಕ್ಯಾಲೆಂಡರ್ ಹಂಚೋದು ಬಂದ್, ರವಿವಾರದ್ದೊಂದು ಮದಿವಿ ಆರ್ಡರ್ 2000 ರೊಟ್ಟೀದು ಅದನ್ನೂ ಬಿಟ್ಟೆ. ಭಾವ ತಲಿ ಕೆಟ್ಟೈತಿ ಅಂದ್ರು, ಮನ್ಯಾಕೀನೂ ಎರಡ್ ದಿನ ಮಾತಾಡ್ಲಿಲ್ಲ.

10 ರೊಟ್ಟಿ, ಎರಡ್ ಚಟ್ನಿ, 110 ರೂಪಾಯಿ, ಹೆಸರು ವಾರದ ಬುತ್ತಿ. ಶುರುವಿಗೆ 25 ರೊಟ್ಟೀದು ಮಾಡಿದ್ದೆ, ಧಾರವಾಡದ ಮಳಿ ನಿಮಗ ಗೊತ್ತೈತಲ್ಲ, ನಾಕ ದಿನಕ್ಕ ಮೆತ್ತಗಾದ್ವು. ಈಗ ಮೆತ್ತಗಾಗಂಗಿಲ್ಲ, ಅದು ಅವ್ವನ ಕೈಚಳಕ, ಇಲ್ಲಿ ಬರಿಯಂಗಿಲ್ಲ. ಪಾಕೀಟಿನಾಗ ಒಂದ್ ಸಣ್ಣ ಚೀಟಿ ಇಡ್ತೀವಿ, ಅದ್ರಾಗ ಏನ್ ಇರ್ತೈತಿ ಅನ್ನೋದೂ ಕೇಳಬ್ಯಾಡ್ರಿ.

ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಾಗೂ ಎಡವಿದೆ. 200 ಮಂದಿಗೆ ಒಂದ ಮೆಸೇಜ್ ಒಗದ್ರ ಮುಟ್ಟಿದ್ದು 30 ಮಂದಿಗೆ, ನಮ್ ನಂಬರ್ ಸೇವ್ ಮಾಡಿದವ್ರಿಗಷ್ಟ ಹೋಗ್ತೈತಿ ಅದು. ಆಮ್ಯಾಲೆ ಬುತ್ತಿ ಕೊಟ್ಟಕೂಡ್ಲೆ ಫೋಟೋ ತಗದು ಊರಿನ ಅವ್ವಗ ಕಳಿಸಾಕ ಹತ್ತಿದೆ, ತಾವ ನಂಬರ್ ಸೇವ್ ಮಾಡ್ಕೊಂಡ್ರು. ಮೊದ್ಲ ಹುಡುಗನ ಫೋಟೋನ ತಗೀತಿದ್ದೆ, ಒಬ್ಬಾಂವ ಬನಿಯನ್ ಮ್ಯಾಲಿದ್ದ, ಜಗಳಕ್ಕ ಬಂದ. ಈಗ ಬಾಗಲಾ, ಬುತ್ತಿ, ಅಷ್ಟ.

ಲೈಕ್ ಎಣಸೋದ್ ಬಿಟ್ಟೀನಿ. ನೋಟ್‌ಬುಕ್‌ನಾಗ ಒಂದ ಲೆಕ್ಕ, ಹ್ವಾದ ವಾರದ ಅವ್ವಂದಿರೊಳಗ ಈ ವಾರ ಮತ್ತ ಎಷ್ಟ್ ಮಂದಿ ಹೇಳಿದ್ರು. ಶುರುವಿಗೆ 12ರಾಗ 3, ಈಗ 140ರಾಗ 90ರ ಮ್ಯಾಲೆ. ಜಾಹೀರಾತಿಗೆ ತಿಂಗಳಿಗೆ 600 ರೂಪಾಯಿನೂ ಹೋಗಂಗಿಲ್ಲ, ಚೀಟಿ ಪ್ರಿಂಟಿಗಷ್ಟ.

ಸಂಕ್ರಾಂತಿಗೆ ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಇಟ್ಟೆ, ಅವ್ವಂದಿರು ಮುಗಿಬಿದ್ರು. ಅಗಸಿ ಚಟ್ನಿ ಹುಡುಗ್ರು ಮುಟ್ಟಲಿಲ್ಲ. ಹುಬ್ಬಳ್ಳಿ ವಿದ್ಯಾನಗರಕ್ಕ ನಾಕ ರವಿವಾರ ಚಿಗರಿ (ಹುಬ್ಬಳ್ಳಿ-ಧಾರವಾಡ ನಡುವ ಓಡೋ) ಬಸ್ಸಿನಾಗ ಚೀಲಾ ಹೊತ್ಕೊಂಡು ಹೋಗಿದ್ದೆ, ಅಲ್ಲಿ ನಾ ಹಿಡಿದ ಹಾಸ್ಟೆಲ್‌ದಾಗೆಲ್ಲಾ ರವಿವಾರನೂ ಊಟ ಇತ್ತು, 3 ಸಾವಿರ ಕೈಬಿಟ್ಟು ಬಂದೆ.

ಈಗ ರವಿವಾರ ಸಂಜಿ ಐದಕ್ಕ ಬುತ್ತಿ ಹಂಚಾಕ ಭಾವನ ಗಾಡಿನ ಬಾಗಲ ಮುಂದ ಬಂದು ನಿಂತಿರ್ತೈತಿ. ಪೆಟ್ರೋಲ್ ರೊಕ್ಕಾ ಮಾತ್ರ ಬಿಡಂಗಿಲ್ಲ.