ಸುಣ್ಣ ಅರಳಿಸುವುದು ಹೇಗೆ?

ಸುಣ್ಣದಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಶುದ್ಧವಾದ 100 ಕಿಲೊ ಕಲ್ಲು ಸುಟ್ಟರೆ ಸಿಗುವುದು 56 ಕಿಲೊ ಸುಟ್ಟ ಸುಣ್ಣ. ಹಾಗಾಗಿ ಕೊಳ್ಳುವಾಗ ಗಡ್ಡೆಯನ್ನು ಎತ್ತಿ ನೋಡಿ. ಗಾತ್ರ ಮೀರಿದ ಭಾರವಿದ್ದರೆ ಒಳಗೆ ಕಲ್ಲು ಬೇಯದೆ ಉಳಿದಿದೆ ಎಂದರ್ಥ. ಪುಡಿಪುಡಿಯಾಗಿ ಉದುರುತ್ತಿದ್ದರೆ ಗಾಳಿಯ ತೇವ ಹೀರಿ ಆಗಲೇ ಸತ್ವ ಕಳೆದುಕೊಂಡಿದೆ.

ಸುಟ್ಟ ಸುಣ್ಣಕ್ಕೆ ನೀರು ಕುಡಿಸುವುದೇ ಅರಳಿಸುವುದು. 10 ಕಿಲೊ ಸುಟ್ಟ ಸುಣ್ಣಕ್ಕೆ ರಸಾಯನಶಾಸ್ತ್ರದ ಲೆಕ್ಕದಲ್ಲಿ 3.2 ಲೀಟರ್ ನೀರು ಸಾಕು. ಆದರೆ ಎಷ್ಟೋ ನೀರು ಆವಿಯಾಗಿ ಹೋಗುತ್ತದೆ, ಗಾರೆಗೆ ಬೇಕಾದದ್ದೂ ಬೆಣ್ಣೆಯಂಥ ಸುಣ್ಣ. ಆದ್ದರಿಂದ 25 ಲೀಟರ್ ಹಾಕಿ. ಪಾತ್ರೆ ಕಬ್ಬಿಣದ ಡ್ರಮ್ಮೇ ಆಗಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿಂದುಹಾಕುತ್ತದೆ, ಜತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಏಳುತ್ತದೆ. ತೆಳು ಪ್ಲಾಸ್ಟಿಕ್ ಬಿಸಿಗೆ ತಡೆಯದು. ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಸುಣ್ಣ ಕಣ್ಣಿಗೆ ಸಿಡಿದರೆ ಆ ಕ್ಷಣವೇ ತೊಳೆಯಲು ಶುರುಮಾಡಿ, ಕನಿಷ್ಠ 20 ನಿಮಿಷ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ.

ಸುಣ್ಣವನ್ನು ನೀರಿಗೆ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಮುಷ್ಟಿಗಾತ್ರದ ಗಡ್ಡೆಗಳನ್ನು ಒಂದೊಂದಾಗಿ ಇಳಿಬಿಡಿ. ಗಡ್ಡೆ ಮೊದಲು ಸುಯ್ಯೆಂದು ಗುಳ್ಳೆ ಬಿಡುತ್ತದೆ, ಆಮೇಲೆ ಬಿರುಕು ಬಿಟ್ಟು, ಉಬ್ಬಿ, ಬೆಳ್ಳಗೆ ಕುಸಿಯುತ್ತದೆ. ಉದ್ದ ಹಿಡಿಯ ಸಲಿಕೆಯಿಂದ ತಳ ಮುಟ್ಟಿ ಕಲಕುತ್ತಿರಿ. ಗಡ್ಡೆ ನೀರಿನಿಂದ ಮೇಲೆ ಕಂಡರೆ ಅದು ಒಣಗಿ ಅತಿಯಾಗಿ ಕಾದು ಒರಟು ಹರಳಾಗುತ್ತದೆ; ದೂರ ನಿಂತು ಸ್ವಲ್ಪ ಸ್ವಲ್ಪವೇ ಬಿಸಿನೀರು ಸೇರಿಸಿ. ತೀರಾ ತಣ್ಣೀರಿನಲ್ಲಿ ಇದಕ್ಕೆ ತದ್ವಿರುದ್ಧ: ಗಡ್ಡೆಯ ಮೈಗೆ ಲೇಪ ಕಟ್ಟಿ ಒಳಕ್ಕೆ ನೀರೇ ಇಳಿಯದು.

ಆರಿದ ಮೇಲೆ 2 ಮಿಲಿಮೀಟರ್ ಜರಡಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ಮೂರು ವಾರವಾದರೂ ಬೇಕು. ಗೋಡೆ ಗಾರೆಗೆ ಮೂರು ತಿಂಗಳು ಕಾಯುವುದೇ ಮೇಲು. ಹೆಚ್ಚು ಸುಟ್ಟ ಕಾಳುಗಳು ನಿಧಾನವಾಗಿ ಅರಳುತ್ತವೆ. ಅವು ಗೋಡೆಯ ಮೇಲೆ ಅರಳಿದರೆ ಗಾರೆ ಚಕ್ಕೆಯಾಗಿ ಸಿಡಿದು ಗುಳಿ ಬೀಳುತ್ತದೆ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿ, ಒಮ್ಮೆಗೆ 10 ಮಿಲಿಮೀಟರ್ ದಪ್ಪ ಮೀರದಂತೆ ಬಳಿದು, ಒಂದು ವಾರ ತೇವ ಆರದಂತೆ ನೋಡಿಕೊಳ್ಳಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಲು ತೇವ ಬೇಕು. ಅದನ್ನು ಹೀರಿಯೇ ಸುಣ್ಣ ಮತ್ತೆ ಕಲ್ಲಾಗುವುದು. ಬಿಸಿಲಿಗೆ ಬೇಗ ಒಣಗಿದ ಗಾರೆ ಕೈಗೆ ಪುಡಿ ಅಂಟಿಸುತ್ತದೆ.

ಕಾರ್ಖಾನೆಗಳೂ ಇದೇ ಗುಣವನ್ನು ಬಳಸಿಕೊಳ್ಳುತ್ತವೆ. ಸಕ್ಕರೆ ತಯಾರಿಕೆಯ ಒಂದು ವಿಧಾನದಲ್ಲಿ ರಸಕ್ಕೆ ಸುಣ್ಣದ ಹಾಲು ಬೆರೆಸಿ ಇಂಗಾಲದ ಡೈಆಕ್ಸೈಡ್ ಹಾಯಿಸುತ್ತಾರೆ. ಹುಟ್ಟುವ ಕಾರ್ಬೊನೇಟ್ ಕೊಳೆಯನ್ನೂ ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಕಾಗದಕ್ಕೆ ಬಿಳುಪು ಕೊಡುವ ನುಣುಪು ಪುಡಿ ತಯಾರಾಗುವುದೂ ಹೀಗೆಯೇ. ಉಕ್ಕಿನ ಕುಲುಮೆಯಲ್ಲಿ ಮಾತ್ರ ಸುಣ್ಣದ ಕೆಲಸ ಬೇರೆ: ಅದು ಸಿಲಿಕಾ, ರಂಜಕಗಳನ್ನು ಕಿಟ್ಟಕ್ಕೆ ಎಳೆದುಕೊಳ್ಳುತ್ತದೆ.

ಮಿಕ್ಕ ಸುಣ್ಣವನ್ನು ಚೆಲ್ಲಬೇಡಿ. ಮೇಲಿನ ನೀರು ಆರದಂತೆ ನೋಡಿಕೊಂಡರೆ ವರ್ಷಗಟ್ಟಲೆ ಕೆಡುವುದಿಲ್ಲ.