ಪಿ.ಟಿ.ಸಿ.ಎಲ್. ಕಡತಗಳಲ್ಲಿ ವಿಳಂಬವನ್ನು ಅಳೆದ ಬಗೆ: ನನ್ನ ಅನುಭವ

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಯನ್ನು ನಿರ್ಬಂಧಿಸುವ 1978ರ ಕಾಯ್ದೆಯೇ ಪಿ.ಟಿ.ಸಿ.ಎಲ್.; ಕೈಬಿಟ್ಟ ಜಮೀನನ್ನು ಮರಳಿ ಕೇಳುವ ಅರ್ಜಿಗಳು ಅದರಡಿ ಉಪವಿಭಾಗಾಧಿಕಾರಿಗಳ ಮುಂದೆ ಬರುತ್ತವೆ. ಆ ನ್ಯಾಯಾಲಯದ ಆದೇಶ ಹಾಳೆಗಳನ್ನೇ ಆಧಾರವಾಗಿಟ್ಟುಕೊಂಡು ಅಧ್ಯಯನ ಮಾಡುತ್ತೇನೆಂದು ನಾನು ಹೇಳಿದಾಗ, ವಿಶ್ವವಿದ್ಯಾಲಯದ ಹಿರಿಯರೊಬ್ಬರು ಅದನ್ನು ಗುಮಾಸ್ತರ ಕೆಲಸವೆಂದು ಕರೆದರು. ಹಣ ಕೊಡುತ್ತಿದ್ದ ಸಂಸ್ಥೆಯವರಿಗೆ ಪ್ರಶ್ನಾವಳಿ, ಮಾದರಿ ಸಮೀಕ್ಷೆ, ಬಣ್ಣದ ನಕ್ಷೆಗಳು ಬೇಕಾಗಿದ್ದವು. ನಾಲ್ಕು ವರ್ಷಗಳ ನಂತರ ಆ ಹಾಳೆಗಳಿಂದ ನಾನು ಮಾಡಿದ ಪಟ್ಟಿಯ ಜೆರಾಕ್ಸ್ ಪ್ರತಿಯನ್ನು ಕೇಳಿ ಪಡೆದವರಲ್ಲಿ ಆ ಹಿರಿಯರೂ ಒಬ್ಬರು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ.

1978ರ ಕಾಯ್ದೆಯ ಕಲಮುಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ 2017ರ ಅಕ್ಟೋಬರಿನಲ್ಲಿ ಬಂದ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಕಾಯ್ದೆ ಜಾರಿಗೆ ಬಂದು 25 ವರ್ಷಗಳಾದ ಮೇಲೆ ಸಲ್ಲಿಸಿದ ಅರ್ಜಿಯನ್ನು ಸಮಂಜಸ ಕಾಲಾವಧಿಯೊಳಗಿನದೆಂದು ಒಪ್ಪಲಾಗದು ಎಂದು ಅಲ್ಲಿ ಹೇಳಿದ ನಂತರ, ನಮ್ಮ ಬಯಲುಸೀಮೆಯ ಉಪವಿಭಾಗದಲ್ಲಿ ಮಂಜೂರಿದಾರರ, ಅಂದರೆ ಸರ್ಕಾರದಿಂದ ಜಮೀನು ಪಡೆದವರ, ಮಕ್ಕಳು ಮೊಮ್ಮಕ್ಕಳ ಅರ್ಜಿಗಳು ಒಂದರ ಹಿಂದೆ ಒಂದರಂತೆ ‘ವಿಳಂಬ’ ಎಂಬ ಒಂದೇ ಪದದ ಮೇಲೆ ವಜಾ ಆಗತೊಡಗಿದವು. ಆ ವಿಳಂಬದಲ್ಲಿ ಅರ್ಜಿದಾರರ ಪಾಲು ಎಷ್ಟು, ಕಚೇರಿಯ ಪಾಲು ಎಷ್ಟು ಎಂಬುದನ್ನು ಯಾರೂ ದಿನಾಂಕ ಹಿಡಿದು ಲೆಕ್ಕ ಹಾಕಿದಂತೆ ನನಗೆ ಕಾಣಲಿಲ್ಲ.

ಮೊದಲ ವರ್ಷ ಪೂರ್ತಿ ವ್ಯರ್ಥವಾಯಿತು. ಸಂಸ್ಥೆಯ ಮಾತಿಗೆ ಕಟ್ಟುಬಿದ್ದು 60ಕ್ಕೂ ಹೆಚ್ಚು ಪ್ರಶ್ನೆಗಳ ಪ್ರಶ್ನಾವಳಿಯನ್ನು ಹಿಡಿದು ಸುಮಾರು 140 ಮನೆಗಳಿಗೆ ಹೋದೆವು. ಜಮೀನು ಮಾರಿದ್ದನ್ನು ಒಪ್ಪಿಕೊಂಡರೆ ಎಲ್ಲಿ ಕೇಸು ಬೀಳುತ್ತದೋ ಎಂಬ ಭಯದಿಂದ ಕೆಲವರು ಭೋಗ್ಯಕ್ಕೆ ಕೊಟ್ಟಿದ್ದೇವೆಂದರು, ಕೆಲವರು ಸಾಲಕ್ಕೆ ಹೆಬ್ಬೆಟ್ಟು ಒತ್ತಿದ್ದಷ್ಟೇ ಗೊತ್ತು ಎಂದರು. ಅರ್ಜಿ ಯಾವ ವರ್ಷ ಹಾಕಿದಿರಿ ಎಂದರೆ ‘ಅಪ್ಪ ಇದ್ದಾಗ’ ಎಂಬುದೇ ಉತ್ತರ. ಅಷ್ಟರಲ್ಲಿ ಒಂದೂವರೆ ಲಕ್ಷ ರೂಪಾಯಿ ಮುಗಿದಿತ್ತು. ವರದಿಯಲ್ಲಿ ಬರೆಯಲು ಏನೂ ಉಳಿಯದ ಕಾರಣ ಎರಡನೆಯ ಕಂತು ಬರಲೇ ಇಲ್ಲ.

ಎರಡನೆಯ ಸೋಲು ಮಾಹಿತಿ ಹಕ್ಕಿನದು. ‘ಎಲ್ಲ ಪ್ರಕರಣಗಳ ಪೂರ್ಣ ಕಡತಗಳ ದೃಢೀಕೃತ ಪ್ರತಿ’ ಎಂದು ಕೇಳಿದ್ದು ನನ್ನ ದಡ್ಡತನ. ಪುಟಕ್ಕೆ 2 ರೂಪಾಯಿಯಂತೆ 11 ಸಾವಿರ ರೂಪಾಯಿಗೂ ಮೇಲ್ಪಟ್ಟು ಕಟ್ಟಬೇಕೆಂದು ಒಂದು ಹಿಂಬರಹ ಬಂತು. ಮತ್ತೊಂದು ಅರ್ಜಿ, ನಮ್ಮ ರಾಜ್ಯದ ನಿಯಮದ ಪ್ರಕಾರ 150 ಪದಗಳನ್ನು ಮೀರಿದೆ ಮತ್ತು ಒಂದಕ್ಕಿಂತ ಹೆಚ್ಚು ವಿಷಯಗಳನ್ನು ಒಳಗೊಂಡಿದೆ ಎಂಬ ಷರಾದೊಂದಿಗೆ ಹಿಂದಿರುಗಿತು. ಮೂರನೆಯ ಸಲ ಪ್ರತಿಗಳ ಮಾತೇ ಎತ್ತದೆ, ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಅಡಿಯಲ್ಲಿ ಪ್ರಕರಣಗಳ ವಹಿಯನ್ನು ಪರಿಶೀಲಿಸಲು ಅವಕಾಶ ಕೋರಿದೆ. 10 ರೂಪಾಯಿಯ ಅರ್ಜಿ, ಮೂರು ಸಾಲಿನ ಒಕ್ಕಣೆ. ವಹಿಯನ್ನು ನೋಡಿ ಪ್ರಕರಣ ಸಂಖ್ಯೆಗಳನ್ನು ಬರೆದುಕೊಂಡು, ಮುಂದಿನ ಅರ್ಜಿಗಳಲ್ಲಿ ಒಂದೊಂದು ಸಲಕ್ಕೆ ಹತ್ತು ಹನ್ನೆರಡು ಕಡತಗಳನ್ನು ಮಾತ್ರ ಕೇಳಿದೆ. ಕಡತ ಸಿಗುತ್ತಿಲ್ಲ ಎಂಬ ಉತ್ತರ ಬಂದಾಗ ಅದನ್ನು ಮೇಜಿನ ಮೇಲೆ ಬರುವಂತೆ ಮಾಡುವ ಒಂದು ದಾರಿ ನನಗೆ ಗೊತ್ತಿದೆ. ಎಲ್ಲರೂ ಅದೇ ದಾರಿ ಹಿಡಿದರೆ ಅದು ಮುಚ್ಚಿಹೋಗುವುದರಿಂದ ಇಲ್ಲಿ ಬರೆಯುವುದಿಲ್ಲ.

ಕಡತ ಕೈಗೆ ಬಂದ ಮೇಲೆ ನಾನು ವಾದ ಪ್ರತಿವಾದಗಳನ್ನು ಓದುತ್ತಿರಲಿಲ್ಲ. ಆದೇಶ ಹಾಳೆಯಲ್ಲಿನ ಪ್ರತಿಯೊಂದು ದಿನಾಂಕವನ್ನೂ, ಅದರ ಮುಂದೆ ಮುಂದೂಡಿಕೆಗೆ ಕೊಟ್ಟ ಕಾರಣವನ್ನೂ ಒಂದು ಸಾಲಿಗಿಳಿಸುತ್ತಿದ್ದೆ: ತಹಶೀಲ್ದಾರರ ವರದಿ ಬಂದಿಲ್ಲ, ಎದುರುದಾರರ ವಕೀಲರು ಗೈರು, ಸಾಹೇಬರು ಪ್ರವಾಸದಲ್ಲಿ, ಚುನಾವಣಾ ಕರ್ತವ್ಯ, ಅರ್ಜಿದಾರರು ಗೈರು. ಸುಮಾರು 210 ಕಡತಗಳಿಂದ ನಾಲ್ಕು ಸಾವಿರದಷ್ಟು ಸಾಲುಗಳಾದವು. ಕೂಡಿಸಿ ನೋಡಿದಾಗ ಅರ್ಜಿದಾರರ ಗೈರುಹಾಜರಿಯಿಂದ ಮುಂದೂಡಿದ್ದು ನನ್ನ ನೆನಪಿನಲ್ಲಿರುವಂತೆ ಎಂಟರಲ್ಲಿ ಒಂದು. ಅತಿ ಹೆಚ್ಚು ದಿನಗಳನ್ನು ನುಂಗಿದ್ದು ಮೂಲ ಮಂಜೂರಾತಿ ದಾಖಲೆ ಕುರಿತ ತಹಶೀಲ್ದಾರರ ವರದಿಗಾಗಿ ಕಾದದ್ದು. ಆ ದಾಖಲೆ ಇರುವುದು ಅದೇ ಆವರಣದ ಅಭಿಲೇಖಾಲಯದಲ್ಲಿ, ನ್ಯಾಯಾಲಯದ ಬಾಗಿಲಿನಿಂದ ನೂರು ಹೆಜ್ಜೆ ದೂರದಲ್ಲಿ.

ಇದನ್ನು ಕೇಳಿದ ವಕೀಲ ಮಿತ್ರರೊಬ್ಬರು, ತೀರ್ಪು ಪ್ರಶ್ನಿಸುವುದು ಅರ್ಜಿಗೆ ಮೊದಲಿನ ವಿಳಂಬವನ್ನು, ನೀವು ಅಳೆದದ್ದು ಅರ್ಜಿಯ ನಂತರದ್ದನ್ನು ಎಂದು ಆಕ್ಷೇಪಿಸಿದರು. ಆಕ್ಷೇಪ ಸರಿಯಾದುದೇ ಆಗಿತ್ತು, ಎರಡು ವಾರ ನನಗೆ ನಿದ್ರೆ ಬರಲಿಲ್ಲ. ಆಮೇಲೆ ಹಳೆಯ ಸ್ವೀಕೃತಿ ವಹಿಗಳನ್ನು ನೋಡಲು ಅರ್ಜಿ ಹಾಕಿದೆ. 2000ದ ನಂತರದ ಅರ್ಜಿಗಳೆಂದು ನಮೂದಾಗಿದ್ದ ಹತ್ತೊಂಬತ್ತು ಪ್ರಕರಣಗಳಲ್ಲಿ ಅದೇ ಸರ್ವೆ ನಂಬರಿಗೆ, ಅದೇ ಕುಟುಂಬದವರಿಂದ, 1980ರ ದಶಕದಲ್ಲಿಯೇ ಅರ್ಜಿ ಸ್ವೀಕೃತವಾಗಿದ್ದುದು ಅಲ್ಲಿ ಸಿಕ್ಕಿತು. ಆ ಹಳೆಯ ಅರ್ಜಿಗಳ ಮೇಲೆ ಆದೇಶವೂ ಇಲ್ಲ, ವಜಾ ಆದ ಗುರುತೂ ಇಲ್ಲ. ಮೊಮ್ಮಗ ಮತ್ತೆ ಹಾಕಿದ ಅರ್ಜಿಯ ದಿನಾಂಕವೇ ಮೊದಲ ದಿನಾಂಕವಾಗಿ ಲೆಕ್ಕಕ್ಕೆ ಬಂದಿತ್ತು. ನನ್ನ ಇಡೀ ಕೆಲಸದಲ್ಲಿ ಈ ಹತ್ತೊಂಬತ್ತು ಸಾಲುಗಳಿಗೆ ಇರುವ ತೂಕ ಉಳಿದ ನಾಲ್ಕು ಸಾವಿರಕ್ಕೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಸರ್ವೆ ನಂಬರನ್ನು ನಂಬಿ ಮೋಸ ಹೋದದ್ದನ್ನೂ ಹೇಳಬೇಕು. ಗೋಮಾಳದಲ್ಲಿ ಮಂಜೂರಾದ ಜಮೀನುಗಳು ಮೊದಲು ಪಿ ನಂಬರು ಎಂಬ ತಾತ್ಕಾಲಿಕ ನಂಬರಿನಲ್ಲಿದ್ದು, ಪೋಡಿ ದುರಸ್ತಿಯಾದ (ಅಳತೆ ಮಾಡಿ ಬೇರ್ಪಡಿಸಿದ) ಮೇಲೆ ಹೊಸ ನಂಬರು ಪಡೆದಿರುತ್ತವೆ. ಅದನ್ನು ಗಮನಿಸದೆ ಮೂವತ್ತರಷ್ಟು ಪ್ರಕರಣಗಳನ್ನು ತಾಳೆಯಾಗುವುದಿಲ್ಲವೆಂದು ಬದಿಗಿಟ್ಟಿದ್ದೆ. ಕೊನೆಗೆ ಸಾಗುವಳಿ ಚೀಟಿ ಎಂಬ ಮಂಜೂರಾತಿ ಪತ್ರದಲ್ಲಿನ ಚೆಕ್ಕುಬಂದಿಯನ್ನು ಹಿಡಿದು, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಕೆರೆ ಕೋಡಿ ಎಂದು ನಾಲ್ಕೂ ದಿಕ್ಕನ್ನು ಊರಿನ ಹಿರಿಯರ ಮುಂದೆ ಓದಿದಾಗ ಇಪ್ಪತ್ತಕ್ಕೂ ಹೆಚ್ಚು ಪ್ರಕರಣಗಳು ಕೂಡಿಕೊಂಡವು.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ಮಂಜೂರಿದಾರರ ಪರವಾಗಿ ಆದೇಶವಾದ ಜಮೀನುಗಳ ಪಹಣಿಯಲ್ಲಿ ಕಾಲಂ 9ರ ಮಾಲೀಕರ ಹೆಸರು ಬದಲಾಗಿದ್ದರೂ ಭೂಮಿ ಯಾರ ಕೈಯಲ್ಲಿದೆ ಎಂದು ತಿಳಿಯಲು, ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷವಾರು ಹೋಲಿಸಿದೆ. ಸ್ವಾಧೀನ ಹಸ್ತಾಂತರವಾಯಿತೆಂದು ಮಹಜರು ಬರೆದ ವರ್ಷದ ನಂತರವೂ ಕೆಲವು ಕಡೆ ಅದೇ ನೀಲಗಿರಿ ತೋಪು ಮೂರು ಸಲ ಕಡಿದು ಮೂರು ಸಲ ಚಿಗುರಿದ್ದು ಚಿತ್ರದಲ್ಲಿ ಸ್ಪಷ್ಟವಾಗಿತ್ತು. ಆದರೆ ಸ್ಥಳಕ್ಕೆ ಹೋದಾಗ ಎರಡು ಕಡೆ ತೋಪಿನ ಯಜಮಾನಿಕೆ ಮಂಜೂರಿದಾರರ ಮನೆಯವರದೇ ಆಗಿತ್ತು. ಬೊಡ್ಡೆ ಕೀಳಿಸಲು ಜೆ.ಸಿ.ಬಿ. ಬಾಡಿಗೆಗೆ ಹಣವಿಲ್ಲದೆ ಮರವನ್ನೇ ಮಾರಿಕೊಂಡು ಬದುಕುತ್ತಿದ್ದರು. ಚಿತ್ರ ನೋಡಿ ತೀರ್ಮಾನ ಬರೆದಿದ್ದರೆ ಮಾನ ಹೋಗುತ್ತಿತ್ತು. ಆ ಪ್ರಯೋಗವನ್ನು ಅಲ್ಲಿಗೇ ಬಿಟ್ಟೆ.

ಎರಡನೆಯ ವರ್ಷದಿಂದ ಆದ ಖರ್ಚೆಲ್ಲ ನನ್ನ ಕೈಯದು. ಬಸ್ಸು, ಊಟ, ದಿನಕ್ಕೆ 600 ರೂಪಾಯಿಯಂತೆ ಒಬ್ಬ ಹುಡುಗನ ಸಹಾಯ, ಆಯ್ದ ಪುಟಗಳ ದೃಢೀಕೃತ ಪ್ರತಿ ಎಲ್ಲ ಸೇರಿ ಎಪ್ಪತ್ತು ಎಂಬತ್ತು ಸಾವಿರ ಆಗಿರಬೇಕು. ಮೊದಲ ವರ್ಷದ ಪ್ರಶ್ನಾವಳಿಗೆ ಸುರಿದದ್ದರ ಅರ್ಧದಷ್ಟು.

ಅರ್ಜಿ ಸಲ್ಲಿಸಲು ಕಾಲಮಿತಿ ಇಲ್ಲವೆಂದು 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಾಗ ಇನ್ನು ಈ ಪಟ್ಟಿಗೆ ಕೆಲಸವಿಲ್ಲ ಎಂದುಕೊಂಡಿದ್ದೆ. ಕಾಲಮಿತಿ ಬೇರೆ, ಅತಿಯಾದ ವಿಳಂಬ ಬೇರೆ ಎಂಬ ವಾದ ಅದರ ನಂತರವೂ ಉಚ್ಚ ನ್ಯಾಯಾಲಯದಲ್ಲಿ ಮುಂದುವರಿದಿರುವುದರಿಂದ ಆ ಹತ್ತೊಂಬತ್ತು ಸಾಲುಗಳನ್ನು ಕೇಳಿಕೊಂಡು ಈಗಲೂ ವಕೀಲರು ಬರುತ್ತಿದ್ದಾರೆ. ಪಕ್ಕದ ಉಪವಿಭಾಗದಲ್ಲಿ ಪರಿಶೀಲನೆಗೆ ಮುಂದಿನ ಮಂಗಳವಾರದ ದಿನ ಕೊಟ್ಟಿದ್ದಾರೆ. ಹಳೆಯ ಸ್ವೀಕೃತಿ ವಹಿಗಳಿರುವ ಕಪಾಟಿನ ಕೀಲಿ ನಿವೃತ್ತರಾದ ಶಿರಸ್ತೇದಾರರ ಬಳಿಯೇ ಉಳಿದಿದೆಯಂತೆ. ಸೋಮವಾರ ಅವರ ಮನೆಗೆ ಹೋಗಬೇಕಾಗಿದೆ.