ಹಳೆ ಕ್ಯಾಸೆಟ್ಟಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಹುಡುಕುವ ಬಗೆ

ಅಟ್ಟದ ಮೇಲಿನ ತಗಡಿನ ಸಂದೂಕದಲ್ಲಿ ಭಜನೆ, ಬಯಲಾಟ, ಸಿನಿಮಾ ಹಾಡಿನ ಕ್ಯಾಸೆಟ್ಟುಗಳ ನಡುವೆ ಒಂದೊಂದು ಸಲ ವಿಚಿತ್ರವಾದದ್ದು ಸಿಗುತ್ತದೆ. ಹಾಕಿದರೆ ಒಂದೇ ಸಮ ಸೀಟಿ, ಆಮೇಲೆ ಕಿವಿ ಕೊರೆಯುವ ಗರಗರ. ಕೆಟ್ಟುಹೋಗಿದೆ ಎಂದು ಎಸೆದವರೇ ಹೆಚ್ಚು. ಆ ಗರಗರವೇ ಪ್ರೋಗ್ರಾಂ. ಡಿಸ್ಕ್ ಡ್ರೈವ್ ದುಬಾರಿಯಾಗಿದ್ದ ಕಾಲದಲ್ಲಿ ಮನೆಯ ಟೇಪ್ ರೆಕಾರ್ಡರೇ ಕಂಪ್ಯೂಟರಿನ ಉಗ್ರಾಣ. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆ. ಒಂದು, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 1984ರ ಸರ್ಕಾರಿ ‘ಕ್ಲಾಸ್’ ಯೋಜನೆಯಡಿ ಬಂದ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರಿನದು. ಇನ್ನೊಂದು, 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಮತ್ತು ಅದೇ ಜಾತಿಯ, ಪುಣೆಯ ಡಿಬಿ ಸ್ಪೆಕ್ಟ್ರಮ್ ಕಂಪ್ಯೂಟರುಗಳದು.

ಸಿಕ್ಕ ಕೂಡಲೇ ಕಂಪ್ಯೂಟರಿಗೆ ಲೋಡ್ ಮಾಡಲು ಹೋಗಬೇಡಿ. ಮೊದಲು ಕ್ಯಾಸೆಟ್ಟಿನಲ್ಲಿ ಏನೇನು ಎಲ್ಲೆಲ್ಲಿದೆ ಎಂಬ ಪಟ್ಟಿ ಆಗಬೇಕು. ನಲವತ್ತು ವರ್ಷದ ಟೇಪು ಎಷ್ಟು ಸಲ ರೆಕಾರ್ಡರಿನ ಹೆಡ್ಡಿನ (ಟೇಪು ಓದುವ ಭಾಗ) ಮೇಲೆ ಹಾಯುತ್ತದೋ ಅಷ್ಟು ಸವೆಯುತ್ತದೆ. ಹಿಂದೆ ಮುಂದೆ ಓಡಿಸಿ ತಡಕಾಡುವುದಕ್ಕಿಂತ ಒಂದೇ ಸಲ ಪೂರ್ತಿ ಓಡಿಸಿ ಬರೆದುಕೊಳ್ಳುವುದು ಮೇಲು.

ಎಲ್ಲಕ್ಕಿಂತ ಮೊದಲು ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಕಿವಿಗಳನ್ನು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದು ಕೆಳಗಿಳಿಯುವುದಿಲ್ಲ. ನಂತರ ಹೊದಿಕೆಯ ಕಾಗದ ನೋಡಿ. ಹಾಡಿನ ಹೆಸರಿನ ಬದಲು 000, 085, 140 ಎಂದು ಅಂಕಿ ಗೀಚಿದ್ದರೆ ಅವು ಟೇಪು ಓಡಿದಂತೆ ಏರುವ ರೆಕಾರ್ಡರಿನ ಕೌಂಟರ್ ಅಂಕಿಗಳು, ಒಂದೊಂದು ಅಂಕಿಯ ಬಳಿ ಒಂದೊಂದು ಪ್ರೋಗ್ರಾಂ. ಸಿ-10, ಸಿ-15 ಎಂಬ ಗಿಡ್ಡ ಕ್ಯಾಸೆಟ್ಟು ಸಿಕ್ಕರೆ ಹಾಡಿಗಿಂತ ಡೇಟಾ ಇರುವ ಸಂಭವವೇ ಹೆಚ್ಚು. ಆದರೆ ಭಕ್ತಿಗೀತೆಯ ಡಬ್ಬಿಯೊಳಗೆ ಗಣಿತದ ಪ್ರೋಗ್ರಾಂ ಕೂತಿರುವುದೂ ಉಂಟು. ಹೊದಿಕೆ ಹೇಳಿದ್ದನ್ನು ಪೂರ್ತಿ ನಂಬಬೇಡಿ.

ಧೂಳು ನಮ್ಮ ಕಡೆಯ ದೊಡ್ಡ ತಲೆನೋವು. ಬಳ್ಳಾರಿ–ಸಂಡೂರು ದಾರಿಯ ಅದಿರಿನ ಕೆಂಧೂಳು, ರಾಯಚೂರಿನ ಶಕ್ತಿನಗರದ ಬೂದಿ, ಕೊಪ್ಪಳದ ಗಿಣಿಗೇರಿ ಸುತ್ತಿನ ಕಾರ್ಖಾನೆಗಳ ಕರಿಪುಡಿ, ಎಲ್ಲವೂ ಕ್ಯಾಸೆಟ್ಟಿನ ಕಿಂಡಿಯಲ್ಲಿ ನುಗ್ಗುತ್ತವೆ. ತಮಾಷೆಯೆಂದರೆ ಟೇಪಿನ ಕಂದು ಲೇಪವೂ ಸಂಡೂರಿನ ಕೆಂಪು ಅದಿರೂ ಒಂದೇ ಕಬ್ಬಿಣ–ಆಮ್ಲಜನಕದ ಸಂಯುಕ್ತ, ಹರಳಿನ ಜೋಡಣೆ ಮಾತ್ರ ಬೇರೆ. ಟೇಪಿನದು ಕಾಂತತ್ವ ಹಿಡಿದಿಡುತ್ತದೆ, ಅದಿರಿನ ಧೂಳು ಬರೀ ಉಜ್ಜುವ ಕೆಲಸ ಮಾಡುತ್ತದೆ. ಕಿಂಡಿಯನ್ನು ಮೆತ್ತನೆ ಬಣ್ಣದ ಕುಂಚದಿಂದ ಝಾಡಿಸಿ. ಬಾಯಿಯಿಂದ ಊದಬೇಡಿ, ಎಂಜಲು ಹಾರುತ್ತದೆ.

ರೆಕಾರ್ಡರಿನ ಹೆಡ್, ಅದರ ಪಕ್ಕದ ಉಕ್ಕಿನ ಕಡ್ಡಿ, ರಬ್ಬರ್ ಗಾಲಿ, ಈ ಮೂರನ್ನೂ ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒರೆಸಿ. ದ್ರವ ಯಾವುದು ಎಂಬುದರಲ್ಲಿ ಎಚ್ಚರ ಇರಲಿ. ಔಷಧ ಅಂಗಡಿಯ ಕೆಲವು ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಹರಳೆಣ್ಣೆ ಬೆರೆತಿರುತ್ತದೆ, ಒಣಗಿದ ಮೇಲೆ ಜಿಡ್ಡು ಉಳಿಯುತ್ತದೆ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಇಟ್ಟುಕೊಳ್ಳುವ ಐಸೊಪ್ರೊಪೈಲ್ ಕೇಳಿ ತನ್ನಿ. ಅದರ ಬದಲು ಥಿನ್ನರ್ ಕೊಟ್ಟರೆ ಬೇಡ ಎನ್ನಿ. ಥಿನ್ನರ್ ರಬ್ಬರ್ ಗಾಲಿಯನ್ನು ತಿಂದುಹಾಕುತ್ತದೆ. ಹತ್ತಿಯಲ್ಲಿ ಕಂದು ಬಣ್ಣ ಬರುವುದು ನಿಲ್ಲುವ ತನಕ ಕಡ್ಡಿ ಬದಲಿಸುತ್ತ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ.

ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಇದ್ದ ಕ್ಯಾಸೆಟ್ಟಿನಲ್ಲಿ ಇನ್ನೊಂದು ತೊಂದರೆ. ಕಿಂಡಿಯ ನಡುವೆ ತಾಮ್ರಬಣ್ಣದ ಪಟ್ಟಿಯ ಮೇಲೆ ಅಂಟಿಸಿದ ಬಟ್ಟೆಯ ಚೂರು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ಸದ್ದು ಮಂಕಾಗುತ್ತದೆ, ಪ್ರೋಗ್ರಾಂ ಎಂದೂ ಓದಲಾಗದು. ಐದು ಸ್ಕ್ರೂ ಇರುವ ಬೇಡದ ಹಾಡಿನ ಕ್ಯಾಸೆಟ್ಟೊಂದನ್ನು ಬಿಚ್ಚಿ, ಅದರ ಚಿಪ್ಪಿಗೆ ಈ ಎರಡು ಸುರುಳಿಗಳನ್ನು ವರ್ಗಾಯಿಸಿ. ಯಾವ ಸುರುಳಿ ಯಾವ ಬದಿಗಿತ್ತು ಎಂದು ಮೊದಲೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಸುತ್ತುಗಳು ಒಂದಕ್ಕೊಂದು ಅಂಟಿರಬಹುದಾದ್ದರಿಂದ ಯಂತ್ರಕ್ಕೆ ಹಾಕುವ ಮುನ್ನ ಆರು ಮೂಲೆಯ ಪೆನ್ಸಿಲ್ಲಿನಿಂದ ಕೈಯಾರೆ ನಾಲ್ಕೈದು ಸುತ್ತು ತಿರುಗಿಸಿ ನೋಡಿ. ರೆಕಾರ್ಡರನ್ನೂ ಬೇಡದ ಕ್ಯಾಸೆಟ್ಟಿನ ಮೇಲೆ ಮೊದಲು ಪರೀಕ್ಷಿಸಿ. ಹಳೆ ಬೆಲ್ಟು ಸೆಕೆಗೆ ಕರಗಿ ಡಾಂಬರಿನಂತಾಗಿದ್ದರೆ ಯಂತ್ರ ಟೇಪನ್ನು ನುಂಗುತ್ತದೆ.

ಇನ್ನು ಕಿವಿಯಿಂದ ಗುರುತು ಹಿಡಿಯುವುದು. ಇದು ಬಂದರೆ ಅರ್ಧ ಕೆಲಸ ಮುಗಿದಂತೆ. ಸ್ಪೆಕ್ಟ್ರಮ್ಮಿನ ಪ್ರತಿ ಪ್ರೋಗ್ರಾಮಿನ ಮುಂದೆ ಸುಮಾರು ಐದು ಸೆಕೆಂಡು ಒಂದೇ ಸಮನಾದ ಸೀಟಿ ಇರುತ್ತದೆ, 807 ಹರ್ಟ್ಸ್ ಆಸುಪಾಸಿನದು. ಅದರ ಬೆನ್ನಿಗೇ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಒಂದು ‘ಟುರ್’. ಹೆಸರು, ಉದ್ದ, ಬಗೆ ಎಲ್ಲ ಈ 19 ಬೈಟಿನ ಟುರ್‌ನಲ್ಲಿದೆ. ಒಂದು ಸೆಕೆಂಡು ಮೌನ, ಮತ್ತೆ ಎರಡು ಸೆಕೆಂಡು ಸೀಟಿ, ಆಮೇಲೆ ಉದ್ದನೆಯ ಗರಗರ. ಉದ್ದ ಸೀಟಿ, ಟುರ್, ಗಿಡ್ಡ ಸೀಟಿ, ಗರಗರ: ಈ ಸರಣಿ ಎಲ್ಲಿ ಕೇಳುತ್ತದೋ ಅಲ್ಲಿ ಹೊಸ ತುಣುಕು ಶುರು. ಗರಗರ 40 ಸೆಕೆಂಡಿಗೆ ನಿಂತು ಮತ್ತೆ ಸೀಟಿ ಬಂದರೆ ಅದು ಬಹುತೇಕ 6,912 ಬೈಟಿನ ಪರದೆಯ ಚಿತ್ರ, ಆಟ ಅದರ ಹಿಂದೆ ಬರುತ್ತದೆ. 48ಕೆ ಮೆಮೊರಿಯನ್ನೆಲ್ಲ ತುಂಬುವ ಆಟಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಬಿಬಿಸಿಯ ಸೀಟಿ ಇದಕ್ಕಿಂತ ಸುಮಾರು ಮೂರು ಪಟ್ಟು ಏರಿದ ಸ್ವರ, 2,400 ಹರ್ಟ್ಸ್. ಅದರ ಗರಗರ ಒಂದೇ ಓಟದಲ್ಲಿ ಹೋಗದೆ ಎರಡು ಮೂರು ಸೆಕೆಂಡಿಗೊಮ್ಮೆ ತುಂಡಾಗಿ ನಡುವೆ ಪುಟ್ಟ ಸೀಟಿ ಬರುತ್ತದೆ, ಏಕೆಂದರೆ ಅದು 256 ಬೈಟಿನ ಕಂತುಗಳಲ್ಲಿ ಬರೆಯುತ್ತದೆ.

ಆ ಹಳೆ ಕಂಪ್ಯೂಟರೇ ಕೈಯಲ್ಲಿದ್ದರೆ ಪಟ್ಟಿ ಮಾಡುವುದು ಸುಲಭ. ಸ್ಪೆಕ್ಟ್ರಮ್ಮಿನಲ್ಲಿ ಅದಕ್ಕೆಂದೇ ಆಜ್ಞೆ ಇಲ್ಲ, ಆದರೆ ಒಂದು ಉಪಾಯವಿದೆ. ಜೆ ಕೀ ಒತ್ತಿದರೆ ಲೋಡ್ ಎಂಬ ಪದ ಪೂರ್ತಿ ಬರುತ್ತದೆ. ಸಿಂಬಲ್ ಶಿಫ್ಟ್ ಹಿಡಿದು ಪಿ ಒತ್ತಿದರೆ ಉದ್ಧರಣ ಚಿಹ್ನೆ. ಚಿಹ್ನೆಗಳ ನಡುವೆ ಕ್ಯಾಸೆಟ್ಟಿನಲ್ಲಿ ಇರಲಾರದ ಹೆಸರೊಂದನ್ನು, ಮೂರು ಕ್ಯೂ ಅಕ್ಷರ ಸಾಕು, ಹಾಕಿ ಎಂಟರ್ ಒತ್ತಿ ಟೇಪು ಓಡಿಸಿ. ಕೇಳಿದ ಹೆಸರು ಸಿಗದ ಕಾರಣ ಅದು ಏನನ್ನೂ ಲೋಡ್ ಮಾಡದೆ, ದಾರಿಯಲ್ಲಿ ಕಂಡ ಹೆಸರನ್ನೆಲ್ಲ ಪರದೆಯ ಮೇಲೆ ಸಾಲಾಗಿ ತೋರಿಸುತ್ತ ಹೋಗುತ್ತದೆ. ಪ್ರೋಗ್ರಾಂ ಎಂದು ಶುರುವಾದ ಸಾಲು ಬೇಸಿಕ್ ಭಾಷೆಯ ಪ್ರೋಗ್ರಾಮಿನದು, ಬೈಟ್ಸ್ ಎಂದಿದ್ದರೆ ಯಂತ್ರಭಾಷೆ ಅಥವಾ ಚಿತ್ರ, ಅರೇ ಎಂದಿದ್ದರೆ ಯಾರೋ ಉಳಿಸಿಟ್ಟ ಅಂಕಿ ಅಂಶ. ಹೆಸರು ಕಂಡ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪರದೆ ತುಂಬಿದ ಮೇಲೆ ಮೇಲಿನ ಸಾಲುಗಳು ಕಾಣೆಯಾಗುತ್ತವೆ. ನಿಲ್ಲಿಸಲು ಸ್ಪೇಸ್ ಒತ್ತಿ. ಆಮೇಲೆ ಹೆಸರು ಹೇಳಿ ಲೋಡ್ ಮಾಡುವಾಗ ದೊಡ್ಡಕ್ಷರ ಸಣ್ಣಕ್ಷರ ಎರಡೂ ಬೇರೆ ಎಂಬುದು ನೆನಪಿರಲಿ. ಹೆಸರಿನ ಮಿತಿ ಹತ್ತು ಅಕ್ಷರ.

ಗರಗರ ಕೇಳುತ್ತಿದ್ದೂ ಹೆಸರು ಬಾರದಿದ್ದರೆ ಎರಡು ಕಾರಣ ಇರಬಹುದು. ಅಂಗಡಿಯಲ್ಲಿ ಮಾರಿದ ಕೆಲವು ಆಟಗಳ ಹಿಂದಿನ ತುಣುಕುಗಳಿಗೆ ನಕಲು ತಡೆಯಲೆಂದು ಹೆಸರೇ ಇಟ್ಟಿರುವುದಿಲ್ಲ, ಮೊದಲ ತುಣುಕು ಓಡಿದರೆ ಅದೇ ಉಳಿದವನ್ನು ಎಳೆದುಕೊಳ್ಳುತ್ತದೆ. ಇಲ್ಲವೇ ಸಿಗ್ನಲ್ ಸರಿಯಿಲ್ಲ. ಪರದೆಯ ಅಂಚನ್ನು ನೋಡಿ. ಸೀಟಿಗೆ ಕೆಂಪು–ತಿಳಿನೀಲಿ ದಪ್ಪ ಪಟ್ಟೆ, ಡೇಟಾಕ್ಕೆ ನೀಲಿ–ಹಳದಿ ಸಣ್ಣ ಗೆರೆ ಬರಬೇಕು. ಸೀಟಿ ಕೇಳುತ್ತಿದ್ದರೂ ಪಟ್ಟೆಯೇ ಬಾರದಿದ್ದರೆ ವೈರು ಅಥವಾ ವಾಲ್ಯೂಮ್ ನೋಡಿ. ಮುಕ್ಕಾಲು ವಾಲ್ಯೂಮ್, ಟ್ರೆಬಲ್ ಪೂರ್ತಿ, ಬಾಸ್ ಕನಿಷ್ಠ. ಇಯರ್ ಮತ್ತು ಮೈಕ್ ಎರಡೂ ವೈರು ಒಟ್ಟಿಗೆ ಸಿಕ್ಕಿಸಬೇಡಿ, ಓದುವಾಗ ಇಯರ್ ಒಂದೇ ಸಾಕು.

ಕೆಂಪು–ತಿಳಿನೀಲಿ ಚೆನ್ನಾಗಿ ಬಂದೂ ಹೆಸರು ಮೂಡದಿದ್ದರೆ ಹೆಡ್ಡಿನ ಓರೆ ಕಾರಣ. ಸೀಟಿ ತಗ್ಗಿನ ಸ್ವರ, ಓರೆಯಾದ ಹೆಡ್ಡೂ ಅದನ್ನು ಹಿಡಿಯುತ್ತದೆ. ಡೇಟಾದ ಸೊನ್ನೆಗಳು ಮಾತ್ರ 2,000 ಹರ್ಟ್ಸ್ ದಾಟುತ್ತವೆ, ಏರುಸ್ವರ ಮೊದಲು ಮಂಕಾಗುತ್ತದೆ. ಹೆಡ್ಡಿನ ಒಂದು ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಇದೆ. ಅದರ ಈಗಿನ ಸ್ಥಾನಕ್ಕೆ ಪೆನ್ನಿನಿಂದ ಗುರುತು ಹಾಕಿ. ಗಡಿಯಾರ ರಿಪೇರಿಯ ಚಿಕ್ಕ ಸ್ಕ್ರೂಡ್ರೈವರ್ ಸಾಕು, ಅದರ ತುದಿಗೆ ಗುಂಡುಸೂಜಿ ಅಂಟುವಂತಿರಬಾರದು. ಗರಗರ ಓಡುತ್ತಿರುವಾಗ ಸುತ್ತಿನ ಎಂಟನೇ ಒಂದು ಭಾಗದಷ್ಟು ಅತ್ತ ಇತ್ತ ತಿರುಗಿಸಿ, ಸದ್ದು ಎಲ್ಲಿ ಅತ್ಯಂತ ಚೂಪಾಗುತ್ತದೋ ಅಲ್ಲಿ ಬಿಡಿ. ಇದು ಈ ಕ್ಯಾಸೆಟ್ಟು ತುಂಬಿಸಿದ ಯಂತ್ರದ ಓರೆಗೆ ಹೊಂದಿಸಿದ್ದು, ಮುಂದಿನ ಕ್ಯಾಸೆಟ್ಟಿಗೆ ಮತ್ತೆ ಹೊಂದಿಸಬೇಕು. ಸಾಲ ತಂದ ರೆಕಾರ್ಡರಾದರೆ ಹಳೆ ಗುರುತಿಗೆ ತಂದು ಹಿಂದಿರುಗಿಸಿ.

ಬಿಬಿಸಿ ಮೈಕ್ರೊದಲ್ಲಿ ಉಪಾಯ ಬೇಕಿಲ್ಲ. ಡಿಸ್ಕ್ ಇರುವ ಯಂತ್ರವಾದರೆ ಮೊದಲು *ಟೇಪ್ ಕೊಡಿ, ಆಮೇಲೆ *ಕ್ಯಾಟ್ ಕೊಟ್ಟು ಟೇಪು ಓಡಿಸಿ. ಹೆಸರಿನ ಮುಂದೆ ಕಂತಿನ ಸಂಖ್ಯೆ ಏರುತ್ತ ಹೋಗಿ ಕೊನೆಗೆ ಉದ್ದ ಬರುತ್ತದೆ, ಎರಡೂ ಹದಿನಾರರ ಲೆಕ್ಕದಲ್ಲಿ. 1ಎಫ್ ಎಂದರೆ 31. ಎಣಿಕೆ ಸೊನ್ನೆಯಿಂದ ಶುರುವಾದ್ದರಿಂದ ಒಟ್ಟು 32 ಕಂತು, ಹೆಚ್ಚೆಂದರೆ 8ಕೆ. ಕಂಪ್ಯೂಟರೇ ಟೇಪನ್ನು ಓಡಿಸಿ ನಿಲ್ಲಿಸುವ ರಿಮೋಟ್ ವೈರು ಸಿಕ್ಕಿಸಿದ್ದರೆ ರಿವೈಂಡ್ ಕೂಡ ಆಗದೆ ನಿಲ್ಲುತ್ತದೆ, ಯಂತ್ರ ಕೆಟ್ಟಿಲ್ಲ, *ಮೋಟಾರ್ 1 ಕೊಟ್ಟರೆ ಓಡುತ್ತದೆ. ಏನೂ ಕಾಣದಿದ್ದರೆ ನಿಧಾನದ 300 ಬಾಡ್ ವೇಗದಲ್ಲಿ ಬರೆದಿರಬಹುದು, *ಟೇಪ್3 ಪ್ರಯತ್ನಿಸಿ. ಬಿಬಿಸಿಯ ದೊಡ್ಡ ಗುಣ ಏನೆಂದರೆ ಒಂದು ಕಂತು ತಪ್ಪಿದರೆ ಸ್ವಲ್ಪ ಹಿಂದೆ ಸುತ್ತಿ ಅಲ್ಲಿಂದಲೇ ಮುಂದುವರಿಸಬಹುದು. ಸ್ಪೆಕ್ಟ್ರಮ್ಮಿನಲ್ಲಿ ಇಡೀ ತುಣುಕಿಗೆ ಕೊನೆಯಲ್ಲಿ ತಾಳೆ ನೋಡಿ ತಪ್ಪು ಹಿಡಿಯುವ ಒಂದೇ ಬೈಟು. ನಾಲ್ಕು ನಿಮಿಷದ ಓಟದಲ್ಲಿ ಒಂದು ಬಿಟ್ ತಪ್ಪಿದರೂ ಮೊದಲಿನಿಂದ ಶುರು ಮಾಡಬೇಕು.

ಕೌಂಟರ್ ಅಂಕಿ ಬರೆಯುವಾಗ ಪ್ರತಿ ಬದಿಯನ್ನೂ ಪೂರ್ತಿ ಹಿಂದೆ ಸುತ್ತಿ 000ದಿಂದ ಶುರು ಮಾಡಿ. ಕೌಂಟರ್ ಎಣಿಸುವುದು ಸುರುಳಿಯ ಸುತ್ತುಗಳನ್ನು, ನಿಮಿಷಗಳನ್ನಲ್ಲ. ಸುರುಳಿ ದಪ್ಪವಾದಂತೆ ಅಂಕಿ ಓಡುವ ವೇಗ ಇಳಿಯುತ್ತದೆ, ಕೊನೆಯ ಹೊತ್ತಿಗೆ ಸುಮಾರು ಅರ್ಧವಾಗುತ್ತದೆ. ರೆಕಾರ್ಡರಿನಿಂದ ರೆಕಾರ್ಡರಿಗೂ ಎಣಿಕೆ ಬೇರೆ, ಹಾಗಾಗಿ ಹಳೆಯ ಹೊದಿಕೆಯ 140 ನಿಮ್ಮ ಯಂತ್ರದಲ್ಲಿ 118 ಆಗಿರಬಹುದು. ಪಕ್ಕದಲ್ಲಿ ಗಡಿಯಾರದ ನಿಮಿಷ–ಸೆಕೆಂಡನ್ನೂ ಬರೆಯಿರಿ: ‘ಎ ಬದಿ, 047, 3:20, ಪ್ರೋಗ್ರಾಂ, ಸ್ಪೆಕ್ಟ್ರಮ್’.

ಹಳೆ ಕಂಪ್ಯೂಟರೇ ಇಲ್ಲದವರಿಗೆ ಲ್ಯಾಪ್‌ಟಾಪ್ ಸಾಕು. ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಯುಎಸ್‌ಬಿ ಸೌಂಡ್ ಕಾರ್ಡಿಗೆ ವೈರು ಎಳೆದು ಅಡಾಸಿಟಿ ಎಂಬ ಧ್ವನಿಮುದ್ರಣದ ಸಾಫ್ಟ್‌ವೇರಿನಲ್ಲಿ 44,100 ಹರ್ಟ್ಸ್, ವೇವ್ ಫೈಲಾಗಿ ಇಳಿಸಿಕೊಳ್ಳಿ. ಎಂಪಿ3 ಬೇಡ. ಮೈಕ್ ಸೆಟ್ಟಿಂಗಿನಲ್ಲಿ ಸದ್ದು ತಗ್ಗಿಸುವ, ದನಿ ಸುಧಾರಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಇದನ್ನು ಮರೆತವರ ಫೈಲಿನಲ್ಲಿ ಮೊದಲ ಸೀಟಿ ಒಂದು ಸೆಕೆಂಡು ಕೇಳಿ ಆಮೇಲೆ ಬರೀ ಮೌನ, ಏಕೆಂದರೆ ಸಾಫ್ಟ್‌ವೇರಿನ ಪಾಲಿಗೆ ಸೀಟಿ ಎಂದರೆ ಕಸ. ಸ್ಟೀರಿಯೊ ರೆಕಾರ್ಡರಾದರೆ ಎರಡೂ ಚಾನೆಲ್ ಇಳಿಸಿ. ಒಂದೇ ಡೇಟಾ ಎರಡರಲ್ಲೂ ಇರುತ್ತದೆ, ಟೇಪಿನ ಅಂಚು ನಲುಗಿದ್ದರೆ ಒಳಗಿನ ಚಾನೆಲ್ ಸ್ವಚ್ಛವಾಗಿ ಸಿಗುತ್ತದೆ. ಗುಂಯ್ ಎನ್ನುವ ಕರೆಂಟಿನ ಸದ್ದು ಬಂದರೆ ರೆಕಾರ್ಡರನ್ನು ಸೆಲ್ಲಿನ ಮೇಲೆ, ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಓಡಿಸಿ. ಅಗ್ಗದ ಇನ್ವರ್ಟರ್ ಮೇಲೆ ಈ ಕೆಲಸ ಬೇಡವೇ ಬೇಡ.

ಓಡುತ್ತಿರುವಾಗಲೇ ಕಂಟ್ರೋಲ್ ಹಿಡಿದು ಎಂ ಒತ್ತಿದರೆ ಆ ಜಾಗಕ್ಕೆ ಚೀಟಿ ಬೀಳುತ್ತದೆ. ಪ್ರತಿ ಉದ್ದ ಸೀಟಿಗೊಂದು ಚೀಟಿ ಹಾಕಿ. ಸ್ವರದ ಏರಿಳಿತವನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ನೋಟಕ್ಕೆ ಬದಲಿಸಿದರೆ ಸೀಟಿಗಳು ನೆಟ್ಟಗಿನ ಗೆರೆಯಾಗಿ ಕಣ್ಣಿಗೇ ಕಾಣುತ್ತವೆ. ಪ್ರೋಗ್ರಾಮಿನ ಮುಂದೆ ಯಾರದಾದರೂ ದನಿ ಇದ್ದರೆ ಅದನ್ನು ಕತ್ತರಿಸಬೇಡಿ, ಅನೇಕ ಸಲ ಹೆಸರು ಸಿಗುವುದು ಅಲ್ಲೇ. ಹಳೆ ಕಂಪ್ಯೂಟರನ್ನು ಲ್ಯಾಪ್‌ಟಾಪಿನಲ್ಲೇ ಅನುಕರಿಸುವ ಸಾಫ್ಟ್‌ವೇರಿಗೆ ಎಮ್ಯುಲೇಟರ್ ಎನ್ನುತ್ತಾರೆ. ಫ್ಯೂಸ್ ಎಂಬ ಎಮ್ಯುಲೇಟರಿನ ಜೊತೆಯ ಉಪಕರಣಗಳಿಂದ ಸ್ಪೆಕ್ಟ್ರಮ್ಮಿನ ವೇವ್ ಫೈಲನ್ನು ಟಿಜೆಡ್‌ಎಕ್ಸ್ ಎಂಬ ಫೈಲ್ ರೂಪಕ್ಕೆ ಬದಲಿಸಿದರೆ ಒಳಗಿನ ತುಣುಕುಗಳ ಪಟ್ಟಿ ಹೆಸರು ಸಮೇತ ಬರುತ್ತದೆ. ಬಿಬಿಸಿಗೆ ಯುಇಎಫ್ ರೂಪ, ಅದನ್ನು ಬೀಬೆಮ್ ಎಂಬ ಎಮ್ಯುಲೇಟರಿನಲ್ಲಿ ತೆರೆಯಬಹುದು.

ಹಾಡು ಕೇಳಿಬಂದ ಮಾತ್ರಕ್ಕೆ ಕ್ಯಾಸೆಟ್ಟನ್ನು ಪಕ್ಕಕ್ಕಿಡಬೇಡಿ. ಡೇಟಾದ ಮೇಲೆ ಹಾಡು ತುಂಬಿಸಿದವರು ಸಾಮಾನ್ಯವಾಗಿ ಕೊನೆಯ ತನಕ ತುಂಬಿಸಿರುವುದಿಲ್ಲ. ಹಾಡು 22ನೇ ನಿಮಿಷಕ್ಕೆ ನಿಂತರೆ, ಮುಂದಿನ ಎಂಟು ನಿಮಿಷದಲ್ಲಿ ಹಳೆಯ ಗರಗರ ಹಾಗೆಯೇ ಇರಬಹುದು. ಮೊದಲು ಸಿಗುವುದು ನಡುವೆ ಕತ್ತರಿಸಿದ ಪ್ರೋಗ್ರಾಮಿನ ಬಾಲ. ಸ್ಪೆಕ್ಟ್ರಮ್ಮಿನದಾದರೆ ಅದಕ್ಕೆ ಹೆಸರಿಲ್ಲ, ಬಿಟ್ಟು ಮುಂದಿನ ಉದ್ದ ಸೀಟಿಗೆ ಕಾಯಿರಿ. ಬಿಬಿಸಿಯದಾದರೆ ಪ್ರತಿ ಕಂತಿನ ತಲೆಯಲ್ಲೂ ಹೆಸರು ಇರುವುದರಿಂದ *ಕ್ಯಾಟ್ ಅದನ್ನು 0ಸಿ, 0ಡಿ ಎಂದು ನಡುವಿನಿಂದಲೇ ತೋರಿಸುತ್ತದೆ. ಆ ಹೆಸರನ್ನು ಬರೆದಿಟ್ಟುಕೊಂಡು ಸಂದೂಕದ ಉಳಿದ ಕ್ಯಾಸೆಟ್ಟುಗಳಲ್ಲಿ ಹುಡುಕಿ. ಆಗ ಒಂದೇ ಪ್ರೋಗ್ರಾಮನ್ನು ಎರಡು ಕ್ಯಾಸೆಟ್ಟಿಗೆ ಹಾಕಿಡುವ ರೂಢಿ ಇತ್ತು.